ಐಇಎಲ್‌ಟಿಎಸ್ ನಕ್ಷೆ ಪ್ರಶ್ನೆ: ಕೈತಪ್ಪುವ ಅರ್ಧ ಬ್ಯಾಂಡ್

ಕೆ.ಆರ್. ಪುರದ ಪಿ.ಜಿ.ಯೊಂದರಲ್ಲಿರುವ ಬಂಟ್ವಾಳ ಕಡೆಯ ಹುಡುಗಿಯೊಬ್ಬಳು ಒಂದು ಭಾನುವಾರ ಹಲಸೂರಿನಲ್ಲಿ ನಮ್ಮ ಮುಂದೆ ತನ್ನ ಫಲಿತಾಂಶದ ಹಾಳೆ ತಂದಿಟ್ಟಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷದಿಂದ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ. ಇಂಗ್ಲೆಂಡಿಗೆ ಹೋಗುವ ಆಸೆ. ಉಪ್ಪನಿಗೆ ಊರಲ್ಲಿ ಸಣ್ಣ ದಿನಸಿ ಅಂಗಡಿ, ಉಮ್ಮ ಇಟ್ಟುಕೊಂಡಿದ್ದ ಒಂದು ಜೊತೆ ಬಳೆ ಈಗ ಬ್ಯಾಂಕಿನಲ್ಲಿ ಅಡವಿದೆ.

ಹಾಳೆಯಲ್ಲಿದ್ದದ್ದು ಇಷ್ಟು: ಲಿಸನಿಂಗ್ 6.5, ರೀಡಿಂಗ್ 7, ಸ್ಪೀಕಿಂಗ್ 7, ರೈಟಿಂಗ್ 6. ಬ್ರಿಟನ್ನಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್ ಕೇಳುವುದು ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7. ಅದರೊಳಗೆ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ತಲಾ 7, ರೈಟಿಂಗ್ 6.5. ಅಂದರೆ ಎರಡು ಕಡೆ ಬರೀ ಅರ್ಧರ್ಧ ಬ್ಯಾಂಡ್ ಕಡಿಮೆ. ಆ ಅರ್ಧಕ್ಕೆ ಮತ್ತೊಮ್ಮೆ ಹದಿನೇಳು-ಹದಿನೆಂಟು ಸಾವಿರದಷ್ಟು ಶುಲ್ಕ ಕಟ್ಟಬೇಕು.

ಎಲ್ಲಿ ತಪ್ಪಿತು ಅಂತ ಕೇಳಿದೆವು. "ಎರಡೂ ಕಡೆ ಮ್ಯಾಪ್ ಬಂದದ್ದು. ಲಿಸನಿಂಗ್‌ನಲ್ಲಿ ಒಂದು ಪಾರ್ಕಿನ ಮ್ಯಾಪ್. ಮೊದಲನೇ ತಿರುವಿನಲ್ಲೇ ನಾನು ದಾರಿ ತಪ್ಪಿದೆ, ಆಮೇಲೆ ಎಲ್ಲ ಹೋಯ್ತು. ರೈಟಿಂಗ್‌ನಲ್ಲಿ ಒಂದೂರಿನ ಎರಡು ಮ್ಯಾಪ್, ಹಿಂದೆ ಹೇಗಿತ್ತು, ಈಗ ಹೇಗಿದೆ ಅಂತ. ಒಂದು ಅಂಕಿ ಇಲ್ಲ ಅದರಲ್ಲಿ. ಹತ್ತು ನಿಮಿಷ ಸುಮ್ನೆ ನೋಡ್ತಾ ಕೂತೆ. ಕೋಚಿಂಗ್‌ನಲ್ಲಿ ಮ್ಯಾಪ್ ಅಪರೂಪಕ್ಕೆ ಬರೋದು ಅಂತ ಹೇಳಿ ಬಾರ್ ಚಾರ್ಟ್ ಮಾತ್ರ ಮಾಡಿಸಿದ್ರು" ಅಂದಳು. ನಂತರ ಸ್ವಲ್ಪ ಸಿಟ್ಟಿನಿಂದಲೇ ಕೇಳಿದಳು: "ವಾರ್ಡ್‌ನಲ್ಲಿ ಇಂಜೆಕ್ಷನ್ ಕೊಡುವವಳಿಗೆ ಮ್ಯಾಪ್ ಎಂತಕ್ಕೆ?"

ಅಂದಿನಿಂದ ಆರು ಭಾನುವಾರ ಆಕೆ ಮತ್ತು ಇನ್ನೂ ಮೂವರು ಮಕ್ಕಳ ಜೊತೆ ನಾವು ಕೂತೆವು. ಕಲಿಸಿದ್ದಕ್ಕಿಂತ ನಾವೂ ಕಲಿತದ್ದು ಹೆಚ್ಚು. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ನಮ್ಮ ಎಷ್ಟೋ ಮನೆಗಳಲ್ಲಿ ಈ ಪರೀಕ್ಷೆಗೆ ಓದುತ್ತಿರುವ ಮಕ್ಕಳಿದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಕ್ಷೆ ಎಲ್ಲೆಲ್ಲಿ ಬರುತ್ತದೆ?

ಐಇಎಲ್‌ಟಿಎಸ್‌ನಲ್ಲಿ ಎರಡು ಬಗೆ. ಓದಲು ಹೋಗುವವರಿಗೆ ಮತ್ತು ನರ್ಸ್, ಡಾಕ್ಟರ್ ಮುಂತಾದ ವೃತ್ತಿ ನೋಂದಣಿಗೆ ಹೆಚ್ಚಾಗಿ ಅಕಾಡೆಮಿಕ್. ಕೆನಡಾದಂಥ ದೇಶಕ್ಕೆ ವಲಸೆ ಹೋಗುವವರಿಗೆ ಜನರಲ್ ಟ್ರೈನಿಂಗ್. ಲಿಸನಿಂಗ್ ಮತ್ತು ಸ್ಪೀಕಿಂಗ್ ಇಬ್ಬರಿಗೂ ಒಂದೇ. ರೀಡಿಂಗ್ ಮತ್ತು ರೈಟಿಂಗ್ ಬೇರೆ. ಜನರಲ್‌ನವರು ರೈಟಿಂಗ್‌ನ ಮೊದಲ ಪ್ರಶ್ನೆಗೆ ಒಂದು ಪತ್ರ ಬರೆದರೆ ಸಾಕು. ಅಕಾಡೆಮಿಕ್‌ನವರಿಗೆ ಗ್ರಾಫ್, ಟೇಬಲ್, ಚಾರ್ಟ್, ನಕ್ಷೆ ಅಥವಾ ಒಂದು ವಸ್ತು ತಯಾರಾಗುವ ಚಿತ್ರ, ಇವುಗಳಲ್ಲಿ ಯಾವುದು ಬೇಕಾದರೂ ಬರಬಹುದು.

ಲಿಸನಿಂಗ್‌ನಲ್ಲಿ ನಾಲ್ಕು ಭಾಗ, 40 ಪ್ರಶ್ನೆ. ಒಬ್ಬರೇ ಮಾತಾಡುವ ಎರಡನೇ ಭಾಗದಲ್ಲಿ ಪಾರ್ಕ್, ಮ್ಯೂಸಿಯಂ, ಕ್ರೀಡಾ ಕೇಂದ್ರದ ನಕ್ಷೆ ಕಾಣಿಸಿಕೊಳ್ಳುವುದು ಹೆಚ್ಚು. ರೀಡಿಂಗ್‌ನಲ್ಲಿ ಯಂತ್ರದ ಅಥವಾ ಕಟ್ಟಡದ ಚಿತ್ರ ಕೊಟ್ಟು ಅದರ ಭಾಗಗಳಿಗೆ ಹೆಸರು ತುಂಬಿ ಅನ್ನುತ್ತಾರೆ. ಹಾಗಾಗಿ 'ಅಪರೂಪ' ಅಂತ ಬಿಟ್ಟುಬಿಡುವ ವಿಷಯ ಇದಲ್ಲ.

ನರ್ಸಿಗೆ ಇದೆಲ್ಲ ಯಾಕೆ ಅನ್ನುವ ಪ್ರಶ್ನೆಗೂ ಉತ್ತರ ಉಂಟು. ನರ್ಸಿಂಗ್ ವೃತ್ತಿಯ ತಾಯಿ ಅಂತ ಕರೆಯುವ ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಚಿತ್ರ ಬರೆದೇ ತನ್ನ ವಾದ ಗೆದ್ದವರು. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ತಡೆಯಬಹುದಾದ ರೋಗಗಳಿಂದ ಸತ್ತ ಸೈನಿಕರೇ ಹೆಚ್ಚು ಅನ್ನುವುದನ್ನು ಬಣ್ಣದ ರೇಖಾಚಿತ್ರದಲ್ಲಿ ತೋರಿಸಿದರು. ಚಿತ್ರ ನೋಡಿ ಅದರ ಮುಖ್ಯ ವಿಷಯವನ್ನು ಮಾತಿನಲ್ಲಿ ಹೇಳುವುದು ಆಸ್ಪತ್ರೆಯ ಕೆಲಸದ ಭಾಗವೇ. ಇದನ್ನು ಹೇಳಿದಾಗ ನಮ್ಮ ಹುಡುಗಿ ನಕ್ಕಳು, ಆದರೆ ಸಿಟ್ಟು ಪೂರ್ತಿ ಇಳಿಯಲಿಲ್ಲ ಬಿಡಿ.

ಮೊದಲು ದಿಕ್ಕು

ನಾಲ್ವರಿಗೂ ಇದ್ದ ಮೊದಲ ತೊಡಕು ಇಂಗ್ಲಿಷಿನದ್ದಲ್ಲ, ದಿಕ್ಕಿನದ್ದು. ನಮ್ಮ ಕಡೆ ದಾರಿ ಹೇಳುವುದು ಹೇಗೆ? "ಮಸೀದಿ ದಾಟಿ ಬನ್ನಿ, ಅಕ್ಕಿ ಮಿಲ್ಲಿನ ಹತ್ತಿರ ಯಾರನ್ನಾದರೂ ಕೇಳಿ, ತೋರಿಸ್ತಾರೆ." ಬೆಂಗಳೂರಿಗೆ ಬಂದ ಮೇಲೆ "ಮೆಟ್ರೋ ಇಳಿದು ಫೋನ್ ಮಾಡಿ" ಅಥವಾ ಲೊಕೇಶನ್ ಕಳಿಸುವುದು. ಉತ್ತರ, ದಕ್ಷಿಣ ಅಂತ ಯಾರೂ ಹೇಳುವುದಿಲ್ಲ. ಪರೀಕ್ಷೆಯ ನಕ್ಷೆ ಮಾತಾಡುವುದೇ ನಾರ್ತ್, ಸೌತ್‌ನಲ್ಲಿ.

ಆದರೆ ನಮಗೆಲ್ಲ ಒಂದು ದಿಕ್ಕು ಖಂಡಿತ ಗೊತ್ತು, ಕಿಬ್ಲಾ. ಬೆಂಗಳೂರಿನಿಂದ ಮಕ್ಕಾ ಇರುವುದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ. ನಮಾಝಿಗೆ ನಿಂತವರ ಎದುರಿಗೆ ಹೆಚ್ಚುಕಡಿಮೆ ಪಶ್ಚಿಮ, ಬಲಗೈಗೆ ಉತ್ತರ, ಎಡಗೈಗೆ ದಕ್ಷಿಣ, ಬೆನ್ನಿಗೆ ಪೂರ್ವ. ಒಂದು ವಾರ ಎಲ್ಲಿ ನಿಂತರೂ ಇದನ್ನು ಮನಸ್ಸಿನಲ್ಲೇ ಇಂಗ್ಲಿಷ್‌ನಲ್ಲಿ ಹೇಳಿಕೊಳ್ಳಿ ಅಂದೆವು. ವಾರದ ಕೊನೆಗೆ ನಾಲ್ವರೂ ದಿಕ್ಕು ತಪ್ಪುವುದು ನಿಂತಿತ್ತು.

ಇನ್ನೊಂದು ಎಚ್ಚರಿಕೆ. ನಕ್ಷೆಯ ಮೇಲ್ಭಾಗ ಯಾವಾಗಲೂ ಉತ್ತರವೇ ಅಂದುಕೊಳ್ಳಬೇಡಿ. ಅಲ್ ಇದ್ರೀಸಿ 1154ರಲ್ಲಿ ಸಿಸಿಲಿಯ ರಾಜ ಎರಡನೇ ರೋಜರ್‌ಗೆ ಮಾಡಿಕೊಟ್ಟ ಪ್ರಸಿದ್ಧ ವಿಶ್ವನಕ್ಷೆಯಲ್ಲಿ ದಕ್ಷಿಣ ಮೇಲಿದೆ. ಪರೀಕ್ಷೆಯ ನಕ್ಷೆ ಕಂಡ ಕೂಡಲೇ ಮೂಲೆಯಲ್ಲಿ ಬಾಣದ ಗುರುತು ಉಂಟಾ ಅಂತ ನೋಡಿ. ಇದ್ದರೆ ಅದರ ಪ್ರಕಾರ ಹೋಗಿ. ಇಲ್ಲದಿದ್ದರೆ ನಾರ್ತ್, ಸೌತ್ ಪದಗಳ ಗೊಡವೆಗೇ ಹೋಗಬೇಡಿ, ಎಡ, ಬಲ, ಮೇಲೆ, ಕೆಳಗೆ ಅಂತಲೇ ಹೇಳಿ.

ಲಿಸನಿಂಗ್: ನಕ್ಷೆಯೊಳಗೆ ನಡೆಯಬೇಕು

ಆಡಿಯೋ ಕೇಳಿಸುವುದು ಒಂದೇ ಸಲ. ಅದಕ್ಕೆ ಮುಂಚೆ ಸಿಗುವ ಅರ್ಧ ನಿಮಿಷದಷ್ಟು ಸಮಯದಲ್ಲೇ ಅರ್ಧ ಕೆಲಸ ಮುಗಿಯಬೇಕು. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಮೂರು. ಒಂದು, ನೀವು ನಿಂತಿರುವ ಜಾಗ ಅಥವಾ ಗೇಟು ಎಲ್ಲಿದೆ ನೋಡಿ. ಮಾತು ಸಾಮಾನ್ಯವಾಗಿ ಅಲ್ಲಿಂದಲೇ ಶುರು. ಎರಡು, ಈಗಾಗಲೇ ಹೆಸರು ಬರೆದಿರುವ ಜಾಗಗಳನ್ನು ಓದಿಕೊಳ್ಳಿ. ಕೆರೆ, ಕಾರ್ ಪಾರ್ಕ್, ಸೇತುವೆ ಇವೇ ನಿಮ್ಮ ಮೈಲಿಗಲ್ಲು. ಮೂರು, ಹೆಸರಿಲ್ಲದ ಅಕ್ಷರಗಳು ಯಾವುದರ ಪಕ್ಕದಲ್ಲಿವೆ ಅಂತ ಮನಸ್ಸಿನಲ್ಲೇ ಇಂಗ್ಲಿಷ್‌ನಲ್ಲಿ ಹೇಳಿಕೊಳ್ಳಿ. 'ಬಿ' ಸೇತುವೆ ದಾಟಿದ ಮೇಲೆ, 'ಸಿ' ಸೇತುವೆಗೆ ಮೊದಲು, ಹೀಗೆ.

ನಮ್ಮ ಹುಡುಗಿ ತಪ್ಪಿದ್ದು ಎಡ-ಬಲದಲ್ಲಿ. ನಕ್ಷೆಯಲ್ಲಿ ಮೇಲಿನಿಂದ ಕೆಳಗೆ ನಡೆದು ಬರುವವನ ಎಡಗೈ ನಮ್ಮ ಕಣ್ಣಿಗೆ ಬಲಗಡೆ ಕಾಣುತ್ತದೆ. ಹೇಳುವವರ ಎಡ-ಬಲ ನಡೆಯುವವರದ್ದು, ನೋಡುವವರದ್ದಲ್ಲ. ಕಾಗದವಾದರೆ ತಿರುಗಿಸಿ ಹಿಡಿಯಬಹುದು, ಕಂಪ್ಯೂಟರ್ ಪರದೆಯನ್ನು ತಿರುಗಿಸಲಾಗದು. ಹಾಗಾಗಿ ಮನಸ್ಸಿನಲ್ಲೇ ಆ ದಾರಿಗೆ ಇಳಿದು ನಡೆಯುವ ಅಭ್ಯಾಸ ಬೇಕು. ಇದಕ್ಕೆ ನಾವು ಕಮರ್ಷಿಯಲ್ ಸ್ಟ್ರೀಟಿನಿಂದ ರಸೆಲ್ ಮಾರ್ಕೆಟ್‌ವರೆಗೆ ನಿಜವಾಗಿಯೂ ನಡೆದೆವು. ಒಬ್ಬರು ಫೋನಿನ ನಕ್ಷೆ ನೋಡುತ್ತಾ ಇಂಗ್ಲಿಷ್‌ನಲ್ಲಿ ದಾರಿ ಹೇಳುವುದು, ಉಳಿದವರು ಹೇಳಿದ ಹಾಗೆಯೇ ನಡೆಯುವುದು. ಮೊದಲ ದಿನ ಒಂದು ಪಾತ್ರೆ ಅಂಗಡಿಯೊಳಗೇ ಹೋಗಿ ನಿಂತೆವು. ಮೂರನೇ ವಾರ ಸರಿಯಾಗಿ ಮುಟ್ಟಿದೆವು.

ಮಾತಿನಲ್ಲಿ ಬರುವ ಕೊಕ್ಕೆಗಳೂ ಉಂಟು. "ಕೆಫೆ ಮೊದಲು ಗೇಟಿನ ಹತ್ತಿರ ಇತ್ತು, ಈಗ ಕೆರೆಯ ಆಚೆಗೆ ಹೋಗಿದೆ" ಅನ್ನುತ್ತಾರೆ. 'ಗೇಟ್' ಕೇಳಿದ ಕೂಡಲೇ ಗುರುತು ಹಾಕಿದವರು ಕೆಟ್ಟರು. 'ಯೂಸ್ಡ್ ಟು ಬಿ', 'ಒರಿಜಿನಲಿ', 'ಬಟ್ ನೌ' ಇಂಥ ಮಾತು ಬಂದರೆ ಕಿವಿ ನಿಮಿರಬೇಕು. 'ಜಸ್ಟ್ ಬಿಫೋರ್', 'ಗೋ ಪಾಸ್ಟ್', 'ಅಟ್ ದ ಫಾರ್ ಎಂಡ್', 'ಆನ್ ದ ಕಾರ್ನರ್' ಇವುಗಳ ಅರ್ಥ ನಿದ್ದೆಯಲ್ಲಿ ಕೇಳಿದರೂ ಗೊತ್ತಿರಬೇಕು. ಉತ್ತರಗಳು ಪ್ರಶ್ನೆಯ ಸಂಖ್ಯೆಯ ಕ್ರಮದಲ್ಲೇ ಬರುತ್ತವೆ. ಒಂದು ತಪ್ಪಿದರೆ ಅದನ್ನೇ ಹಿಡಿದು ಕೂರದೆ ಮುಂದಿನದಕ್ಕೆ ಹೋಗಿ. ಒಂದು ಅಂಕ ಹೋದರೆ ಹೋಗಲಿ, ಐದು ಹೋಗಬಾರದು.

ಅಕ್ಷರದ ಬದಲು ಪದವನ್ನೇ ಬರೆಯಬೇಕಾಗಿದ್ದರೆ ಕಾಗುಣಿತ ತಪ್ಪಿದರೆ ಅಂಕವಿಲ್ಲ. ಎರಡು ಪದ ಮೀರಬಾರದು ಅಂದಿದ್ದರೆ ಮೂರು ಬರೆದರೂ ಅಂಕವಿಲ್ಲ. ರೀಡಿಂಗ್‌ನ ಚಿತ್ರಕ್ಕೂ ಇದೇ ಶಿಸ್ತು. ಅಲ್ಲಿ ಪದವನ್ನು ಪಾಠದಿಂದಲೇ ಎತ್ತಬೇಕು, ನಮ್ಮ ಸ್ವಂತ ಪದ ಬೇಡ. ಚಿತ್ರಕ್ಕೆ ಬೇಕಾದ ಉತ್ತರಗಳು ಹೆಚ್ಚಾಗಿ ಪಾಠದ ಒಂದೇ ಭಾಗದಲ್ಲಿರುತ್ತವೆ, ಆದರೆ ಕ್ರಮವಾಗಿಯೇ ಇರಬೇಕೆಂದಿಲ್ಲ.

ರೈಟಿಂಗ್: ಮೆಟ್ರೋ ಕಲಿಸಿದ ಪಾಠ

ರೈಟಿಂಗ್‌ಗೆ ಒಟ್ಟು 60 ನಿಮಿಷ. ಮೊದಲ ಪ್ರಶ್ನೆಗೆ ಕನಿಷ್ಠ 150 ಪದ, ಸುಮಾರು 20 ನಿಮಿಷ. ಎರಡನೆಯ ಪ್ರಬಂಧಕ್ಕೆ 250 ಪದ, 40 ನಿಮಿಷ, ಅಂಕದ ತೂಕ ಮೊದಲನೆಯದರ ಎರಡರಷ್ಟು. ಮೊದಲನೆಯದರಲ್ಲಿ ಹತ್ತು ನಿಮಿಷ ಸುಮ್ಮನೆ ಕಳೆದರೆ ಪೆಟ್ಟು ಬೀಳುವುದು ಎರಡನೆಯದಕ್ಕೂ. ನಮ್ಮ ಹುಡುಗಿಗೆ ಆದದ್ದು ಇದೇ.

ನಾವು ಅಭ್ಯಾಸಕ್ಕೆ ತೆಗೆದುಕೊಂಡದ್ದು ಈ ಮಕ್ಕಳು ದಿನಾ ಓಡಾಡುವ ನೇರಳೆ ಮಾರ್ಗದ ಮೆಟ್ರೋ. ಎಂ.ಜಿ. ರಸ್ತೆಯಿಂದ ಪೂರ್ವದ ಭಾಗ ಮಾತ್ರ. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೋ ಓಡಿದ್ದು ಇಲ್ಲಿಯೇ. ಎಂ.ಜಿ. ರಸ್ತೆ, ಟ್ರಿನಿಟಿ, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಬೈಯಪ್ಪನಹಳ್ಳಿ, ಹೀಗೆ ಆರು ನಿಲ್ದಾಣ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ಇನ್ನೊಂದು ತುಂಡು ತೆರೆಯಿತು. ನಡುವೆ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಸಂಪರ್ಕವಿರಲಿಲ್ಲ, ಬಸ್ಸೇ ಗತಿ. ಅದೇ ವರ್ಷ ಅಕ್ಟೋಬರ್ 9ರಂದು ಬೆನ್ನಿಗಾನಹಳ್ಳಿಯ ಮೂಲಕ ಎರಡೂ ಕೂಡಿದವು. ಎರಡು ಹಾಳೆಯಲ್ಲಿ ಎರಡು ಗೆರೆ ಎಳೆದೆವು. ಒಂದು 2011ರದ್ದು, ಇನ್ನೊಂದು 2023ರ ಕೊನೆಯದ್ದು. ಪರೀಕ್ಷೆಯ ನಕ್ಷೆ ತಯಾರಾಯಿತು.

ಉತ್ತರಕ್ಕೆ ನಾಲ್ಕು ಪ್ಯಾರಾ ಸಾಕು.

ಮೊದಲನೆಯದು, ನಕ್ಷೆ ಏನು ತೋರಿಸುತ್ತದೆ ಅನ್ನುವ ಒಂದು ವಾಕ್ಯ. ಪ್ರಶ್ನೆಯ ಪದಗಳನ್ನೇ ನಕಲು ಮಾಡದೆ ನಿಮ್ಮ ಮಾತಿನಲ್ಲಿ ಬರೆಯಿರಿ. 'ದ ಟೂ ಮ್ಯಾಪ್ಸ್ ಶೋ ಹೌ...' ಅಂತ ಶುರುಮಾಡಬಹುದು.

ಎರಡನೆಯದು, ಒಟ್ಟು ನೋಟ. ಇಡೀ ಉತ್ತರದ ಜೀವ ಇರುವುದು ಇಲ್ಲಿ. ಎರಡು ಹಾಳೆಯನ್ನು ದೂರದಿಂದ ನೋಡಿದವರಿಗೆ ಏನು ಕಾಣುತ್ತದೆ? ಮಾರ್ಗ ಪೂರ್ವಕ್ಕೆ ಬೆಳೆದಿದೆ, ಹಳೆಯ ಭಾಗ ಹಾಗೆಯೇ ಉಳಿದಿದೆ. ಅಷ್ಟನ್ನು ಎರಡು ವಾಕ್ಯದಲ್ಲಿ 'ಓವರಾಲ್' ಅಂತ ಬರೆಯಿರಿ. ಈ ಪ್ಯಾರಾ ಬಿಟ್ಟವರಿಗೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಒಳ್ಳೆಯ ಬ್ಯಾಂಡ್ ಕಷ್ಟ.

ಮೂರನೆಯದು ಹಳೆಯ ನಕ್ಷೆ, ನಾಲ್ಕನೆಯದು ಹೊಸದು. ಅಥವಾ ಊರಿನ ನಕ್ಷೆಯಾದರೆ ಒಂದರಲ್ಲಿ ಉತ್ತರ ಭಾಗದ ಬದಲಾವಣೆ, ಇನ್ನೊಂದರಲ್ಲಿ ದಕ್ಷಿಣ ಭಾಗದ್ದು. ಏನು ಬದಲಾಗಲಿಲ್ಲ ಅನ್ನುವುದನ್ನೂ ಹೇಳಿ. ಹೊಸಬರು ಬದಲಾದದ್ದನ್ನು ಮಾತ್ರ ಬರೆಯುತ್ತಾರೆ.

ಅಭಿಪ್ರಾಯ ಬೇಡ, ಕಾರಣ ಬೇಡ. "ಇದರಿಂದ ಜನರಿಗೆ ಅನುಕೂಲವಾಯಿತು" ಅಂತ ಒಬ್ಬ ಹುಡುಗ ಕೊನೆಗೆ ಸೇರಿಸಿದ್ದ. ನಿಜವೇ ಇರಬಹುದು, ಆದರೆ ಅದು ನಕ್ಷೆಯಲ್ಲಿಲ್ಲ. ಕಂಡದ್ದನ್ನು ಮಾತ್ರ ಬರೆಯುವುದು ನಿಯಮ.

ಕಾಲವನ್ನು ನಕ್ಷೆಯ ಮೇಲಿನ ವರ್ಷವೇ ಹೇಳಿಕೊಡುತ್ತದೆ. ಎರಡೂ ವರ್ಷ ಕಳೆದುಹೋದದ್ದಾದರೆ 'ವಾಸ್ ಎಕ್ಸ್‌ಟೆಂಡೆಡ್'. ಹಿಂದಿನದರಿಂದ ಇವತ್ತಿನವರೆಗೆ ಆದರೆ 'ಹ್ಯಾಸ್ ಬೀನ್ ಎಕ್ಸ್‌ಟೆಂಡೆಡ್'. ಮುಂದಿನ ಯೋಜನೆಯಾದರೆ 'ವಿಲ್ ಬಿ ಎಕ್ಸ್‌ಟೆಂಡೆಡ್'. ಇಂದಿರಾನಗರದ 100 ಅಡಿ ರಸ್ತೆಯಲ್ಲಿ ನಿಂತು ಹಳೆಯ ಮನೆಗಳ ಜಾಗದಲ್ಲಿ ಬಂದಿರುವ ಅಂಗಡಿ, ಹೊಟೇಲುಗಳನ್ನು ನೋಡಿ. 'ರಿಪ್ಲೇಸ್ಡ್ ಬೈ' ಅಂದರೆ ಒಂದು ಹೋಗಿ ಇನ್ನೊಂದು ಬಂತು. 'ಕನ್ವರ್ಟೆಡ್ ಇನ್‌ಟು' ಅಂದರೆ ಅದೇ ಕಟ್ಟಡ, ಬಳಕೆ ಬೇರೆ. 'ಡಿಮಾಲಿಶ್ಡ್' ಅಂದರೆ ಕೆಡವಿದರು. ಈ ಮೂರರ ವ್ಯತ್ಯಾಸ ಆ ಒಂದೇ ರಸ್ತೆಯಲ್ಲಿ ಕಲಿಯಬಹುದು.

ಒಂದು ಸಣ್ಣ ಪದದಲ್ಲೂ ಅಂಕ ಹೋಗುತ್ತದೆ. ಹಲಸೂರು ಕೆರೆ ಮೆಟ್ರೋ ಮಾರ್ಗದ ಹೊರಗೆ, ಅದರ ಉತ್ತರಕ್ಕಿದೆ. ಅದು 'ಟು ದ ನಾರ್ತ್ ಆಫ್'. ಯಲಹಂಕ ಬೆಂಗಳೂರಿನ ಒಳಗೇ ಉತ್ತರ ಭಾಗದಲ್ಲಿದೆ. ಅದು 'ಇನ್ ದ ನಾರ್ತ್ ಆಫ್'. ಹೊರಗಾದರೆ 'ಟು', ಒಳಗಾದರೆ 'ಇನ್'.

ನಮ್ಮ ಬೆಂಗಳೂರು ಇಂಗ್ಲಿಷಿನ ಗುಂಡಿಗಳು

ಇಲ್ಲಿ ಎಲ್ಲರಿಗೂ ಅರ್ಥವಾಗುವ ಕೆಲವು ಮಾತು ಪರೀಕ್ಷಕರಿಗೆ ಅರ್ಥವಾಗುವುದಿಲ್ಲ. 'ಆಸ್ಪತ್ರೆಯ ಬ್ಯಾಕ್‌ಸೈಡ್' ಅಂತ ಬರೆಯಲೇಬೇಡಿ. ಅವರಲ್ಲಿ ಆ ಪದಕ್ಕೆ ಕುಂಡೆ ಅಂತ ಅರ್ಥ. 'ಬಿಹೈಂಡ್' ಸಾಕು. ನಾವು 'ಸರ್ಕಲ್' ಅನ್ನುವುದಕ್ಕೆ ಅಲ್ಲಿ 'ಜಂಕ್ಷನ್' ಅಥವಾ 'ರೌಂಡ್‌ಅಬೌಟ್'. 'ಸಿಗ್ನಲ್' ಅಂದರೆ 'ಟ್ರಾಫಿಕ್ ಲೈಟ್ಸ್'. ರಸ್ತೆ ಬದಿಯ 'ಫುಟ್‌ಪಾತ್' ಬ್ರಿಟನ್ನಿನಲ್ಲಿ 'ಪೇವ್‌ಮೆಂಟ್'. ಅವರ ನಕ್ಷೆಯಲ್ಲಿ 'ಫುಟ್‌ಪಾತ್' ಕಂಡರೆ ಅದು ಪಾರ್ಕಿನೊಳಗಿನ ಅಥವಾ ಹೊಲದ ನಡುವಿನ ಕಾಲುದಾರಿ. 'ಫಿಫ್ತ್ ಮೇನ್, ಥರ್ಡ್ ಕ್ರಾಸ್' ಅನ್ನುವ ಲೆಕ್ಕವಂತೂ ಅಲ್ಲಿಲ್ಲ. 'ಆಪೋಸಿಟ್ ಟು' ಅಲ್ಲ, ಬರೀ 'ಆಪೋಸಿಟ್'.

ತಯಾರಿಕೆಯ ಚಿತ್ರ ಬಂದರೆ?

ಇದಕ್ಕೆ ನಾವು ಆರಿಸಿದ್ದು ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಊರಲ್ಲಿ ಅಜ್ಜಿ ಮನೆಯ ಮಾಡಿನ ಮೇಲೆ ಆ ಹಂಚನ್ನು ನೋಡದ ಬ್ಯಾರಿ ಮಗು ಕಡಿಮೆ. ಮಣ್ಣು ಅಗೆಯುತ್ತಾರೆ, ಕಲಸಿ ಹದ ಮಾಡುತ್ತಾರೆ, ಅಚ್ಚಿನಲ್ಲಿ ಒತ್ತುತ್ತಾರೆ, ಒಣಗಿಸುತ್ತಾರೆ, ಗೂಡಿನಲ್ಲಿ ಸುಡುತ್ತಾರೆ, ಒಡೆದದ್ದನ್ನು ಬೇರ್ಪಡಿಸುತ್ತಾರೆ. ಕನ್ನಡದಲ್ಲಿ 'ಮಾಡುತ್ತಾರೆ' ಅಂದುಬಿಟ್ಟರೆ ಆಯ್ತು. ಇಂಗ್ಲಿಷ್‌ನಲ್ಲಿ ಮಾಡುವವರು ಯಾರು ಅನ್ನುವುದು ಮುಖ್ಯವಲ್ಲದ ಕಾರಣ 'ಈಸ್ ಡಗ್', 'ಈಸ್ ಮಿಕ್ಸ್ಡ್', 'ಈಸ್ ಪ್ರೆಸ್ಡ್', 'ಆರ್ ಡ್ರೈಡ್', 'ಆರ್ ಫೈರ್ಡ್' ಆಗಬೇಕು. ಮಣ್ಣು ಒಂದೇ, ಆದ್ದರಿಂದ 'ಈಸ್'. ಅಚ್ಚಿನಿಂದ ಹೊರಬಂದ ಮೇಲೆ ಹಂಚುಗಳು ಹಲವು, ಆದ್ದರಿಂದ 'ಆರ್'. ಒಟ್ಟು ನೋಟದಲ್ಲಿ ಎಷ್ಟು ಹಂತ, ಎಲ್ಲಿ ಶುರು, ಎಲ್ಲಿ ಕೊನೆ ಅಂತ ಹೇಳಿ. ಮಳೆ ಬರುವುದು, ಚಿಟ್ಟೆ ಬೆಳೆಯುವುದು ಮುಂತಾದ ಪ್ರಕೃತಿಯ ಚಿತ್ರವಾದರೆ ಅಲ್ಲಿ ಯಾರೂ ಏನೂ ಮಾಡುವುದಿಲ್ಲ, ತಾನಾಗಿ ಆಗುತ್ತದೆ. ಅಲ್ಲಿ ಸಾದಾ ವರ್ತಮಾನ ಕಾಲವೇ ಹೆಚ್ಚು.

ಹಣ ಕಟ್ಟುವ ಮುಂಚೆ

ಉಮ್ಮ, ಉಪ್ಪಂದಿರೂ ಇದನ್ನು ಓದಲಿ. ಮಗ ಅಥವಾ ಮಗಳು ಹೋಗಬೇಕಾದ ಸಂಸ್ಥೆ ಅಕಾಡೆಮಿಕ್ ಕೇಳುತ್ತದೋ ಜನರಲ್ ಕೇಳುತ್ತದೋ ಮೊದಲು ಖಾತ್ರಿ ಮಾಡಿಕೊಳ್ಳಿ. ತಪ್ಪಾಗಿ ಬುಕ್ ಮಾಡಿದರೆ ಎಷ್ಟು ಅಂಕ ಬಂದರೂ ಉಪಯೋಗವಿಲ್ಲ. ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಮಾನ್ಯತೆ, ಆದ್ದರಿಂದ ಉಳಿದ ಕಾಗದಪತ್ರಕ್ಕಿಂತ ತೀರಾ ಮುಂಚೆಯೂ ಬೇಡ.

ಕಂಪ್ಯೂಟರ್‌ನಲ್ಲಿ ಬರೆದವರು ನಾಲ್ಕರಲ್ಲಿ ಒಂದು ವಿಭಾಗವನ್ನು ಮಾತ್ರ ಮತ್ತೆ ಬರೆಯುವ ಅವಕಾಶವೂ ಈಗ ಉಂಟು. ಆದರೆ ನೀವು ಹೋಗುವ ಸಂಸ್ಥೆ ಅದನ್ನು ಒಪ್ಪುತ್ತದಾ ಅಂತ ಕೇಳಿಯೇ ಹಣ ಕಟ್ಟಿ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎರಡು ಬಾರಿಯ ಅಂಕಗಳನ್ನು ಷರತ್ತಿನ ಮೇಲೆ ಸೇರಿಸಿ ನೋಡುವುದೂ ಉಂಟು. ಆ ಷರತ್ತುಗಳನ್ನು ಏಜೆಂಟರ ಬಾಯಿಂದ ಕೇಳುವ ಬದಲು ಕೌನ್ಸಿಲ್‌ನ ಜಾಲತಾಣದಲ್ಲೇ ಓದಿ. ಆರೋಗ್ಯ ಕ್ಷೇತ್ರದವರಿಗಾಗಿಯೇ ಇರುವ ಒಇಟಿ ಪರೀಕ್ಷೆಯನ್ನೂ ಅವರು ಒಪ್ಪುತ್ತಾರೆ. ಅದರ ರೈಟಿಂಗ್‌ನಲ್ಲಿ ನಕ್ಷೆಯಿಲ್ಲ, ರೋಗಿಯ ವಿವರ ನೋಡಿ ಪತ್ರ ಬರೆಯಬೇಕು. ಪಿಟಿಇ ಪರೀಕ್ಷೆಗೆ ಹೋದರೆ ಅಲ್ಲಿ ಚಿತ್ರವನ್ನು ಬಾಯಲ್ಲೇ ವಿವರಿಸಬೇಕು, 25 ಸೆಕೆಂಡ್ ನೋಡಿ 40 ಸೆಕೆಂಡ್ ಮಾತಾಡುವುದು. ನಕ್ಷೆಗೆ ಹೆದರಿ ಅತ್ತ ಹೋದರೆ ಅಲ್ಲೂ ಅದೇ ಕಾದಿರುತ್ತದೆ.

"ಈ ನಾಲ್ಕು ಪ್ಯಾರಾ ಬಾಯಿಪಾಠ ಮಾಡಿ, ಊರ ಹೆಸರು ಮಾತ್ರ ಬದಲಿಸಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಾಯಿಪಾಠದ ಉತ್ತರವನ್ನು ಪರೀಕ್ಷಕರು ಸುಲಭವಾಗಿ ಗುರುತಿಸುತ್ತಾರೆ, ಅಂಕವೂ ಕಡಿಮೆಯಾಗುತ್ತದೆ. ಬೇಕಾದದ್ದು ದಿನಕ್ಕೊಂದು ನಕ್ಷೆ, ಗಡಿಯಾರ ಇಟ್ಟು 20 ನಿಮಿಷ. ಮೂರು ನಿಮಿಷ ನೋಡುವುದು, ಎರಡು ನಿಮಿಷ ಗುರುತು ಮಾಡಿಕೊಳ್ಳುವುದು, ಹನ್ನೆರಡು ನಿಮಿಷ ಬರೆಯುವುದು, ಮೂರು ನಿಮಿಷ ತಿದ್ದುವುದು.

ನಮ್ಮ ಹುಡುಗಿ ಎರಡನೇ ಸಲ ಬರೆದಳು. ಲಿಸನಿಂಗ್ 7.5, ರೀಡಿಂಗ್ 7, ಸ್ಪೀಕಿಂಗ್ 7, ರೈಟಿಂಗ್ 6.5. ಒಟ್ಟು ಸರಿಯಾಗಿ 7, ಅಲ್‌ಹಮ್ದುಲಿಲ್ಲಾಹ್. ಈ ಸಲ ರೈಟಿಂಗ್‌ನಲ್ಲಿ ಬಂದದ್ದು ನಕ್ಷೆಯಲ್ಲ, ಬಾರ್ ಚಾರ್ಟ್! "ಆದ್ರೂ ಮೊದಲು ದೂರದಿಂದ ನೋಡುವುದು ಮ್ಯಾಪ್‌ನಿಂದಲೇ ಕಲಿತದ್ದು" ಅಂದಳು. ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ಮುಂದೆ ನೋಂದಣಿ, ವೀಸಾ, ಇನ್ನೊಂದಿಷ್ಟು ಖರ್ಚು ಬಾಕಿ ಉಂಟು. ಉಳಿದ ಮೂವರಲ್ಲಿ ಒಬ್ಬ ಮುಂದಿನ ತಿಂಗಳು ಬರೆಯುತ್ತಾನೆ, ಇಬ್ಬರು ಇನ್ನೂ ತಯಾರಿಯಲ್ಲಿದ್ದಾರೆ.

ಇನ್ನೊಂದೇ ಮಾತು. ಈ ಸಲ ಊರಿಂದ ಬಂದ ನೆಂಟರು ಮೆಟ್ರೋ ಇಳಿದು ದಾರಿ ಕೇಳಿ ಫೋನ್ ಮಾಡಿದಾಗ ಲೊಕೇಶನ್ ಕಳಿಸಬೇಡಿ. ಪರೀಕ್ಷೆಗೆ ಓದುತ್ತಿರುವ ಮಗುವಿನ ಕೈಗೆ ಫೋನ್ ಕೊಡಿ, ಇಂಗ್ಲಿಷ್‌ನಲ್ಲಿ ದಾರಿ ಹೇಳಲಿ. ನೆಂಟರು ಹತ್ತು ನಿಮಿಷ ತಡವಾಗಿ ಬಂದರೆ ಬರಲಿ, ಬಿರಿಯಾನಿ ದಮ್ಮಿನಲ್ಲೇ ಇರುತ್ತದೆ.